ಕಾಗೋಡು ಸತ್ಯಾಗ್ರಹ ಮತ್ತು ಪ್ರಜಾಪ್ರಭುತ್ವ

ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ಗೇಣಿದಾರರ ಹೋರಾಟವೇ ಕಾಗೋಡು ಸತ್ಯಾಗ್ರಹ. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರವೇ ಜಗಳದ ಮೂಲ: ಒಡೆಯರ ಕೊಳಗ ದೊಡ್ಡದಾದಷ್ಟೂ ರೈತನ ಕಣ ಬರಿದಾಗುತ್ತಿತ್ತು. ಗೇಣಿದಾರರಲ್ಲಿ ಹೆಚ್ಚಿನವರು ದೀವರ ಸಮುದಾಯದವರು. ಅವರನ್ನು ಸಂಘಟಿಸಿದವರು ಎಚ್. ಗಣಪತಿಯಪ್ಪ. ಶಾಂತವೇರಿ ಗೋಪಾಲಗೌಡ ಮತ್ತು ಅವರ ಸಮಾಜವಾದಿ ಪಕ್ಷದವರು ಜೊತೆಗೆ ನಿಂತರು. ತಂಡ ತಂಡವಾಗಿ ಗದ್ದೆಗಿಳಿದು ರೈತರು ಬಂಧನಕ್ಕೊಳಗಾದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರೂ ಇಲ್ಲಿಗೆ ಬಂದು ಬಂಧಿತರಾದರು.

ಸಂವಿಧಾನ ಜಾರಿಯಾಗಿ ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ. ಮತದ ಹಕ್ಕು ಬಂದಿತ್ತು, ಉಳುವ ನೆಲ ಮಾತ್ರ ಪರರದಾಗಿತ್ತು. ಉದಾರವಾದಿ ಪ್ರಜಾಪ್ರಭುತ್ವ ಎಲ್ಲೆಡೆ ಎದುರಿಸುವ ಈ ಬಿರುಕನ್ನು ಕಾಗೋಡು ಬೀದಿಗೆ ತಂದಿತು. ಅದರ ನಿಜವಾದ ಮಹತ್ವ ಅಲ್ಲಿದೆ. 1952ರ ಚುನಾವಣೆಯಲ್ಲಿ ಗೋಪಾಲಗೌಡರು ವಿಧಾನಸಭೆಗೆ ಗೆದ್ದರು. ದೇವರಾಜ ಅರಸು ಸರ್ಕಾರದ ಭೂಸುಧಾರಣೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಫಾರಂ ನಂ. 7 ತುಂಬಿದ ಗೇಣಿದಾರ ಭೂನ್ಯಾಯ ಮಂಡಳಿಯ ಮುಂದೆ ನಿಂತು ಹಕ್ಕು ಕೇಳಿದ.

ಭೂಸುಧಾರಣೆಯ ನಂತರ ಪ್ರಜಾಪ್ರಭುತ್ವಕ್ಕೆ ಎರಡನೆಯ ಚೇತರಿಕೆ ಪಂಚಾಯಿತಿಗಳಿಂದ ಬಂತು. ಆಗಿನ ಸಚಿವ ಅಬ್ದುಲ್ ನಜೀರ್ ಸಾಬ್ ರೂಪಿಸಿದ 1983ರ ಕಾಯ್ದೆಯಡಿ 1987ರಲ್ಲಿ ಚುನಾವಣೆ ನಡೆದು, ಮಹಿಳೆಯರಿಗೆ ಶೇ. 25 ಮೀಸಲಾತಿ ದೊರೆಯಿತು. ಆ ಗಳಿಕೆ ಸವೆಯುತ್ತಿರುವುದು ಕಳವಳದ ಸಂಗತಿ: ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದರೂ, ಕ್ಷೇತ್ರ ಮರುವಿಂಗಡಣೆ ಮತ್ತು ಮೀಸಲಾತಿಯ ಹೆಸರಿನಲ್ಲಿ ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. ಐದು ವರ್ಷದ ಅವಧಿ ಮುಗಿಯುವ ಮುನ್ನವೇ ಚುನಾವಣೆ ಮುಗಿಯಬೇಕೆನ್ನುತ್ತದೆ ಸಂವಿಧಾನದ 243-ಇ ವಿಧಿ.

ಕಾಗೋಡು ಇರುವ ಶಿವಮೊಗ್ಗ ಜಿಲ್ಲೆಯದೇ ಆದ ಭದ್ರಾವತಿಯಲ್ಲಿ ಪ್ರಜಾಪ್ರಭುತ್ವದ ಸಂಕಟ ಬೇರೆ ಬಗೆಯದು. ಅಲ್ಲಿನ ನ್ಯೂ ಟೌನ್ ಬಡಾವಣೆಯ ಬದುಕು ನಿಂತಿರುವ ವಿಶ್ವೇಶ್ವರಯ್ಯ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವನ್ನು 2023ರ ಜನವರಿಯಲ್ಲಿ ಕೈಗೊಂಡದ್ದು ಊರಿನ ಮತಕ್ಕೆ ನಿಲುಕದ, ಕೇಂದ್ರ ಸರ್ಕಾರಿ ಉಕ್ಕು ಕಂಪನಿ ಸೈಲ್‌ನ ಆಡಳಿತ ಮಂಡಳಿ. ಕಾರ್ಮಿಕರು ಧರಣಿ ಕುಳಿತೇ ಮಾತಾಡಬೇಕಾಯಿತು.