ಕಾರಿನ ಇಂಡಿಕೇಟರ್, ಹಜಾರ್ಡ್ ದೀಪಗಳ ದೋಷಪತ್ತೆ

ಕಾರು ತಿರುಗುವ ದಿಕ್ಕು ತೋರುವ ಹಳದಿ ದೀಪಗಳು ಇಂಡಿಕೇಟರ್; ಅವೇ ದೀಪಗಳು ಎರಡೂ ಬದಿ ಒಟ್ಟಿಗೆ ಮಿನುಗಿದರೆ ಹಜಾರ್ಡ್, ಗ್ಯಾರೇಜಿನ ಮಾತಿನಲ್ಲಿ ‘ಪಾರ್ಕಿಂಗ್ ಲೈಟ್’. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಂತೆ ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಸಲ ಮಿನುಗಬೇಕು. ಬೆಂಗಳೂರಿನ ಯಶವಂತಪುರ (ಕೆಎ-04), ಯಲಹಂಕ (ಕೆಎ-50) ಸಾರಿಗೆ ಕಚೇರಿಗಳಿಗೆ ಎಫ್‌ಸಿಗೆಂದು (ಫಿಟ್‌ನೆಸ್ ಪ್ರಮಾಣಪತ್ರಕ್ಕೆಂದು) ಹೊರಟ ಟ್ಯಾಕ್ಸಿಯವರು ಮೊದಲು ನೋಡಿಕೊಳ್ಳುವುದು ಇದನ್ನೇ.

ದೀಪ ಕೆಟ್ಟಿತೆಂದರೆ ‘ಫ್ಲಾಷರ್ ಹೋಗಿದೆ’ ಎಂದು, ದೀಪ ಮಿನುಗಿಸುವ ಆ ರಿಲೇಯನ್ನು ಹೊಸದು ಹಾಕಿಸುವುದು ರೂಢಿ. ಬಹಳ ಸಲ ತಪ್ಪು ಅದರದ್ದಲ್ಲ. ಏನು ಕೆಟ್ಟಿದೆ ಎನ್ನುವುದಕ್ಕಿಂತ ಏನು ಇನ್ನೂ ಸರಿಯಿದೆ ಎಂದು ನೋಡಿದರೆ ದಾರಿ ಬೇಗ ಸಿಗುತ್ತದೆ. ಹಜಾರ್ಡ್ ಮಿನುಗಿ ಇಂಡಿಕೇಟರ್ ಮಿನುಗದಿದ್ದರೆ ಬಲ್ಬು, ಅರ್ತ್ (ಕರೆಂಟ್ ಬಾಡಿಗೆ ಮರಳುವ ದಾರಿ) ಎರಡೂ ಸರಿ. ಇಗ್ನಿಷನ್ ಕಡೆಯ ಫ್ಯೂಸ್, ಸ್ಟಿಯರಿಂಗ್ ಬಳಿಯ ಕಾಂಬಿನೇಷನ್ ಸ್ವಿಚ್ ನೋಡಬೇಕು. ಹಲವು ಹಳೆಯ ಕಾರುಗಳಲ್ಲಿ ಇಂಡಿಕೇಟರ್‌ನ ಕರೆಂಟ್ ಹಜಾರ್ಡ್ ಸ್ವಿಚ್ಚಿನ ಮೂಲಕವೇ ಹಾಯುವುದರಿಂದ ಆ ಸ್ವಿಚ್ಚನ್ನು ಹತ್ತಾರು ಸಲ ಒತ್ತಿ ಬಿಟ್ಟರೆ ಕಿಲುಬು ಸರಿದು ದೀಪ ಬಂದೀತು. ಎರಡೂ ಸತ್ತಿದ್ದರೆ ಮಾತ್ರ ಫ್ಲಾಷರ್ ಮೇಲೆ ಅನುಮಾನ ಪಡಬಹುದು.

ಒಂದೇ ಬದಿ ಬಿರಬಿರನೆ ಮಿನುಗಿದರೆ ಆ ಬದಿಯ ಬಲ್ಬ್ ಹೋಗಿದೆ. ಮುಂದೆ 21, ಹಿಂದೆ 21, ಪಕ್ಕದಲ್ಲಿ 5 ವಾಟ್ ಸೇರಿ 12 ವೋಲ್ಟ್‌ನಲ್ಲಿ ಸುಮಾರು 4 ಆಂಪಿಯರ್ ಹರಿಯಬೇಕು. ಕಡಿಮೆಯಾದೊಡನೆ ಎಲೆಕ್ಟ್ರಾನಿಕ್ ಫ್ಲಾಷರ್ ವೇಗ ಹೆಚ್ಚಿಸಿ ಎಚ್ಚರಿಸುತ್ತದೆ. ಹಳೆಯ ಬೈಮೆಟಲ್ ಫ್ಲಾಷರ್‌ನಲ್ಲಾದರೆ ಪಟ್ಟಿಗೆ ಕಾವು ಸಾಲದೆ ದೀಪ ಮಿನುಗದೆ ಸುಮ್ಮನೆ ಉರಿಯುವುದೂ ಉಂಟು. ಶೋಕಿಗೆ ಎಲ್‌ಇಡಿ ಹಾಕಿಸಿದಾಗಲೂ ಅದೇ ಅವಸರದ ಮಿನುಗು: ಬಲ್ಬ್ ಸರಿಯಿದೆ, ಎಳೆಯುವ ಕರೆಂಟ್ ಸಾಲದು. ಎಲ್‌ಇಡಿಗೆ ಒಗ್ಗುವ ಫ್ಲಾಷರ್ ಹಾಕಿಸುವುದು ಮೇಲು. ಇದಕ್ಕಾಗಿ ಕಟ್ಟುವ ರೆಸಿಸ್ಟರ್ ಕೈ ಸುಡುವಷ್ಟು ಕಾಯುತ್ತದೆ, ಪ್ಲಾಸ್ಟಿಕ್ಕಿನ ಬಳಿ ಇಡಬಾರದು.

ಬೆಂಗಳೂರಿನ ಉತ್ತರ ಭಾಗದಲ್ಲಿ ಕಾಡುವ ಇನ್ನೊಂದು ತೊಂದರೆ ಮಳೆನೀರಿನಿಂದಾಗುವ ಅರ್ತ್ ದೋಷ. 2021ರ ನವೆಂಬರ್‌ನಲ್ಲಿ, ಮತ್ತೆ 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿಗೆ ಮಳೆನೀರು ನುಗ್ಗಿತ್ತು. ಹಾಗೆ ನೀರಲ್ಲಿ ನಿಂತ ಕಾರು ಒಣಗಿ ಸ್ಟಾರ್ಟ್ ಆದರೂ ಬಲ್ಬಿನ ಹೋಲ್ಡರಿನೊಳಗೆ ಹಸಿರು ಕಿಲುಬು ತಿಂಗಳುಗಟ್ಟಲೆ ಬೆಳೆಯುತ್ತದೆ. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಂಕಾಗಿ ಹೊತ್ತಿಕೊಂಡರೆ, ಅರ್ತ್ ಸಿಗದ ಕರೆಂಟ್ ಪಕ್ಕದ ಬಲ್ಬಿನ ದಾರಿ ಹಿಡಿದಿದೆ ಎಂದರ್ಥ. ಹೋಲ್ಡರಿನ ಅರ್ತ್ ತಂತಿಯಿಂದ ಬಾಡಿಯ ಬಣ್ಣವಿಲ್ಲದ ಲೋಹಕ್ಕೆ ಬೇರೊಂದು ತಂತಿ ಮುಟ್ಟಿಸಿ ನೋಡಬೇಕು. ದೀಪ ಸರಿಹೋದರೆ ದೋಷ ಅಲ್ಲೇ ಇದೆ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ವಾರಗಟ್ಟಲೆ ನಿಂತ ಕಾರಾದರೆ ಇಲಿ ಕಡಿದ ತಂತಿಯನ್ನೂ ಹುಡುಕಬೇಕು.

ಬಹುಪಾಲು ಹೊಸ ಕಾರುಗಳಲ್ಲಿ ಪ್ರತ್ಯೇಕ ಫ್ಲಾಷರ್ ಇರುವುದಿಲ್ಲ. ಬಾಡಿ ಕಂಟ್ರೋಲ್ ಮಾಡ್ಯೂಲ್ ಮಿನುಗಿಸುತ್ತದೆ, ಟಿಕ್ ಟಿಕ್ ಸದ್ದು ಬರುವುದೂ ಸ್ಪೀಕರಿನಿಂದ. ಇಂಥ ಕಾರಿನಲ್ಲಿ ತಂತಿ ಕತ್ತರಿಸುವ ಮೊದಲು ಸ್ಕ್ಯಾನರ್ ಹಾಕಿಸುವುದು ಕ್ಷೇಮ.