ರೇಟು ಬಿದ್ದ ವರ್ಷವೂ ಬೆಟ್ಟ ಹತ್ತಿದವರು

ಇವತ್ತಿನ ಸಂಚಿಕೆ ಕಾಫಿನಾಡಿನದ್ದು. ಬಾಬಾ ಬುಡನ್, ಏಳು ಬೀಜ, ಆ ಕಥೆ ಹೇಳಲ್ಲ. ಅದನ್ನ ನೀವು ಬೇಕಾದಷ್ಟು ಸಲ ಕೇಳಿದ್ದೀರಿ. ಇವತ್ತಿನ ಪ್ರಶ್ನೆ ಬೇರೆ. ಕೈಯಲ್ಲಿ ದುಡ್ಡಿಲ್ಲದಾಗ ನಮ್ಮ ಕಾಲು ಏನು ಮಾಡುತ್ತೆ?

ಮೂಡಿಗೆರೆ, ಕಳಸ ಕಡೆಯ ಯಾವುದಾದರೂ ಬೆಳೆಗಾರರ ಮನೆಗೆ ಬೆಳಗ್ಗೆ ಹೋಗಿ ನೋಡಿ. ನಿಮಗೆ ಕಾಫಿ ಬರುವುದಕ್ಕೂ ಮೊದಲು ಜೇಬಿನಿಂದ ಫೋನು ಹೊರಗೆ ಬರುತ್ತೆ. ವಾಟ್ಸಾಪ್ ಗ್ರೂಪಿನಲ್ಲಿ ಇವತ್ತಿನ ರೇಟು: ಅರೇಬಿಕಾ ಪಾರ್ಚ್‌ಮೆಂಟ್ ಇಷ್ಟು, ಅರೇಬಿಕಾ ಚೆರ್ರಿ ಇಷ್ಟು, ರೋಬಸ್ಟಾ ಚೆರ್ರಿ ಇಷ್ಟು, 50 ಕೆ.ಜಿ. ಮೂಟೆಗೆ. ಆ ಅಂಕಿ ಹುಟ್ಟೋದು ನ್ಯೂಯಾರ್ಕ್ ಮತ್ತು ಲಂಡನ್ ಮಾರುಕಟ್ಟೆಯಲ್ಲಿ. ಬ್ರೆಜಿಲಿನಲ್ಲಿ ಹಿಮ ಬಿದ್ದರೆ ಇಲ್ಲಿ ರೇಟು ಏರುತ್ತೆ, ವಿಯೆಟ್ನಾಮಿನಲ್ಲಿ ಬೆಳೆ ಚೆನ್ನಾಗಿ ಬಂದರೆ ಇಲ್ಲಿ ಇಳಿಯುತ್ತೆ. ಬಾಳೂರಿನ ತೋಟದಲ್ಲಿ ಕೂತವರು ಅದಕ್ಕೆ ಏನೂ ಮಾಡಕ್ಕಾಗಲ್ಲ. ಮತ್ತೆ ಮತ್ತೆ ಫೋನ್ ನೋಡಬಹುದು, ಅಷ್ಟೇ.

ಈಗ 2001ಕ್ಕೆ ಹೋಗೋಣ. ಅದಕ್ಕೂ ಮೊದಲಿನದ್ದು ಸ್ವಲ್ಪ. 1942ರ ಕಾಫಿ ಕಾಯ್ದೆ ಬಂದ ಮೇಲೆ ಅರ್ಧ ಶತಮಾನ ಬೆಳೆಗಾರರು ತಮ್ಮ ಕಾಫಿಯನ್ನ ಕಾಫಿ ಮಂಡಳಿಯ ಪೂಲಿಗೇ ಕೊಡಬೇಕಿತ್ತು. ದುಡ್ಡು ಕಂತುಕಂತಾಗಿ, ನಿಧಾನಕ್ಕೆ ಬರ್ತಿತ್ತು. ಅದಕ್ಕೆ ಬೈದವರು ಬಹಳ ಜನ, ಬೈಯೋದಕ್ಕೆ ಕಾರಣವೂ ಇತ್ತು. 1990ರ ದಶಕದ ಮೊದಲ ವರ್ಷಗಳಿಂದ ಹಂತಹಂತವಾಗಿ ಸಡಿಲವಾಗಿ 1996ರ ಹೊತ್ತಿಗೆ ಮಾರುಕಟ್ಟೆ ಪೂರ್ತಿ ಮುಕ್ತವಾಯಿತು. ಅದೃಷ್ಟಕ್ಕೆ 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ರೇಟು ಜಿಗಿದಿತ್ತು, 1997ರಲ್ಲಿ ಇನ್ನೊಂದು ಸಲ ಏರಿತು. ಹೊಸ ಜೀಪು ಬಂತು, ಹೊಸ ಮನೆ ಎದ್ದಿತು, ಬ್ಯಾಂಕಿನವರು ಕರೆದು ಸಾಲ ಕೊಟ್ಟರು. ಆಮೇಲೆ ಬಿತ್ತು ನೋಡಿ. ದೇಶಗಳ ನಡುವೆ ಕಾಫಿ ರಫ್ತಿಗೆ ಇದ್ದ ಕೋಟಾ ಒಪ್ಪಂದ 1989ರಲ್ಲೇ ಮುರಿದಿತ್ತು, ವಿಯೆಟ್ನಾಂ ರೋಬಸ್ಟಾ ಸುರಿಯತೊಡಗಿತ್ತು. 2001ರಲ್ಲಿ ಜಾಗತಿಕ ಸರಾಸರಿ ಬೆಲೆ ಪೌಂಡಿಗೆ 50 ಸೆಂಟ್‌ಗಿಂತ ಕೆಳಗೆ ಹೋಯಿತು. ಪೌಂಡ್ ಅಂದರೆ ಅರ್ಧ ಕೆ.ಜಿ.ಗೂ ಕಡಿಮೆ. ಹಣದುಬ್ಬರ ಲೆಕ್ಕ ಹಾಕಿದರೆ ನೂರು ವರ್ಷದಲ್ಲೇ ಇಷ್ಟು ಕಡಿಮೆ ಇರಲಿಲ್ಲ ಅಂತ ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯೇ ಹೇಳಿತು. ಕುಯ್ಲಿನ ಕೂಲಿ ಕೊಟ್ಟರೆ ಗೊಬ್ಬರಕ್ಕಿಲ್ಲ, ಗೊಬ್ಬರ ಹಾಕಿದರೆ ಬಡ್ಡಿಗಿಲ್ಲ. ಕೊನೆಗೆ 2002ರಲ್ಲಿ ಹಳೆ ಸಾಲಗಳನ್ನ ಒಟ್ಟು ಮಾಡಿ ವಿಶೇಷ ಕಾಫಿ ಅವಧಿ ಸಾಲ ಅಂತ ಮಾಡಬೇಕಾಯಿತು, 2010ರಲ್ಲಿ ಇನ್ನೊಂದು ಸಾಲ ಪರಿಹಾರ ಪ್ಯಾಕೇಜ್ ಬಂತು. ಅಂದರೆ ಆ ಪೆಟ್ಟಿನಿಂದ ಏಳೋದಕ್ಕೆ ಹತ್ತು ವರ್ಷವೂ ಸಾಲಲಿಲ್ಲ.

ಇದೆಲ್ಲ ದುಡ್ಡಿನ ಇತಿಹಾಸ, ಪುಸ್ತಕದಲ್ಲಿ ಸಿಗುತ್ತೆ. ಆದರೆ ಸಾಲ ಆದ ಮನೆಯೊಳಗೆ ಇನ್ನೊಂದು ಆಗುತ್ತೆ, ಅದನ್ನ ಯಾರೂ ದಾಖಲೆ ಮಾಡಲ್ಲ. ಮನುಷ್ಯ ನಿಂತುಬಿಡ್ತಾನೆ. ಬ್ಯಾಂಕಿರುವ ಬೀದಿಗೆ ಹೋಗಲ್ಲ. ಸಂತೆಗೆ ಹೋಗಲ್ಲ, ಅಂಗಡಿಯವರು ಸಿಕ್ತಾರೆ. ಮದುವೆಗೆ ಹೋಗಲ್ಲ, ಮುಯ್ಯಿಗೆ ದುಡ್ಡಿಲ್ಲ. ತೋಟದ ಕಡೆಗೂ ಹೋಗಲ್ಲ, ಅಲ್ಲಿ ಕಳೆ ಬೆಳೆದಿರುತ್ತೆ. ಜಗುಲಿಯಲ್ಲಿ ಕೂತಲ್ಲೇ ದಿನ ಹೋಗುತ್ತೆ.

ಈ ನಿಂತುಹೋಗುವುದನ್ನ ಒಂದು ಕಡೆ ಗಡಿಯಾರ ಹಿಡಿದು ಅಳೆದಿದ್ದಾರೆ, ದೂರದ ಆಸ್ಟ್ರಿಯಾದಲ್ಲಿ. ವಿಯೆನ್ನಾದ ದಕ್ಷಿಣಕ್ಕೆ ಮರಿಯೆಂಟಾಲ್ ಅಂತ ಒಂದು ಊರು. 1930ರ ಸುಮಾರಿಗೆ ಅಲ್ಲಿನ ಬಟ್ಟೆ ಕಾರ್ಖಾನೆ ಮುಚ್ಚಿತು, ಹೆಚ್ಚುಕಡಿಮೆ ಇಡೀ ಊರಿಗೇ ಕೆಲಸ ಹೋಯಿತು. ಮರೀ ಯಹೋಡಾ, ಪೌಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಝೈಸೆಲ್ ಅನ್ನುವ ಸಂಶೋಧಕರು ಆ ಊರನ್ನ ಅಧ್ಯಯನ ಮಾಡಿ 1933ರಲ್ಲಿ ಪುಸ್ತಕ ತಂದರು. ಅವರು ಮಾಡಿದ ಒಂದು ಕೆಲಸ ನನಗೆ ಮರೆಯಕ್ಕಾಗಲ್ಲ: ಮುಖ್ಯ ಬೀದಿಯಲ್ಲಿ ಜನ ಎಷ್ಟು ವೇಗವಾಗಿ ನಡೀತಾರೆ, ಎಷ್ಟು ಸಲ ನಿಲ್ತಾರೆ ಅಂತ ಎಣಿಸಿದರು. ಕೆಲಸ ಕಳೆದುಕೊಂಡ ಗಂಡಸರು ನಿಧಾನ. ನಡೀತಾ ನಡೀತಾ ನಿಂತುಬಿಡ್ತಿದ್ದರು. ಹೆಂಗಸರು ಬೇಗ ನಡೀತಿದ್ದರು, ಯಾಕಂದರೆ ಮನೆಯಲ್ಲಿ ಒಲೆ, ಮಕ್ಕಳು, ಬಟ್ಟೆ ಕಾಯ್ತಾ ಇತ್ತು. ಸಮಯ ಬೇಕಾದಷ್ಟಿದ್ದರೂ ಲೈಬ್ರರಿಯಿಂದ ಪುಸ್ತಕ ತಗೊಳ್ಳೋದು ಕಡಿಮೆಯಾಗಿತ್ತು.

ಅದೇ 1930ರ ದಶಕದಲ್ಲಿ ನಮ್ಮ ಘಟ್ಟದಲ್ಲೂ ಕಾಫಿ ರೇಟು ಕುಸಿದಿತ್ತು. ಬ್ರೆಜಿಲಿನವರು ಬೆಲೆ ಉಳಿಸೋಕೆ 1931ರಿಂದ 1944ರವರೆಗೆ ಸುಮಾರು 7 ಕೋಟಿ 80 ಲಕ್ಷ ಮೂಟೆ ಕಾಫಿಯನ್ನ ನಾಶ ಮಾಡಿದರು. ಇಲ್ಲಿ 1935ರಲ್ಲಿ ಕಾಫಿ ಸೆಸ್ ಕಾಯ್ದೆ ತಂದು, ಭಾರತದವರಿಗೇ ಕಾಫಿ ಕುಡಿಸೋಣ ಅಂತ ಪ್ರಚಾರಕ್ಕಿಳಿದರು. ಬೆಂಗಳೂರಿನ ಹಳೆ ಕಾಫಿ ಹೌಸ್‌ನಲ್ಲಿ ಕೂತು ನೀವು ಸೆಲ್ಫಿ ತಗೊಳ್ತೀರಲ್ಲ, ಅದರ ಮೂಲ ಒಂದು ಮಾರುಕಟ್ಟೆ ಬಿಕ್ಕಟ್ಟು.

ಸರಿ, ಕಾಲಿನ ವಿಷಯಕ್ಕೆ ಬರೋಣ. ಮಲೆನಾಡಿನ ಕ್ಯಾಲೆಂಡರ್ ಮತ್ತು ಕಾಫಿಯ ಕ್ಯಾಲೆಂಡರನ್ನ ಪಕ್ಕಪಕ್ಕ ಇಟ್ಟು ನೋಡಿ. ಕಾಫಿಗೆ ವರ್ಷಕ್ಕೆ ಒಂದೇ ಸಲ ದುಡ್ಡು. ಅರೇಬಿಕಾ ಕುಯ್ಲು ನವೆಂಬರಿನಿಂದ, ರೋಬಸ್ಟಾ ಅದರ ಹಿಂದೆ, ಫೆಬ್ರವರಿ-ಮಾರ್ಚ್‌ವರೆಗೂ. ಹಾಗಾಗಿ ಮಳೆಗಾಲ ಮುಗಿದ ಅಕ್ಟೋಬರ್ ಅಂದರೆ ಜೇಬು ಖಾಲಿ. ಸರಿಯಾಗಿ ಆ ಹೊತ್ತಿಗೆ ನರಕ ಚತುರ್ದಶಿ, ಬಿಂಡಿಗ ದೇವೀರಮ್ಮನ ಬೆಟ್ಟ.

ಚಿಕ್ಕಮಗಳೂರಿನ ಹತ್ತಿರ ಮಲ್ಲೇನಹಳ್ಳಿ ದಾಟಿದರೆ ಚಂದ್ರದ್ರೋಣ ಸಾಲಿನಲ್ಲಿ ಆ ಬೆಟ್ಟ ಕಾಣುತ್ತೆ. ವರ್ಷವಿಡೀ ಸುಮ್ಮನಿರುವ ಬೆಟ್ಟ, ದೀಪಾವಳಿಗೆ ಮಾತ್ರ ಜನರಿಂದ ತುಂಬಿ ಹೋಗುತ್ತೆ. ಕತ್ತಲಲ್ಲೇ ಹತ್ತಲು ಶುರು, ಬಹಳ ಜನ ಬರಿಗಾಲಲ್ಲಿ. ಮಳೆ ಬಂದಿದ್ದರೆ ಮಣ್ಣು ಜಾರುತ್ತೆ. ಒಂದು ಕಡೆ ಹುಲ್ಲು ಹಿಡಿದು, ಇನ್ನೊಂದು ಕಡೆ ಗುರುತಿಲ್ಲದವರ ಕೈ ಹಿಡಿದು ಹತ್ತಬೇಕು. ಕೈಯಲ್ಲಿ ಕಟ್ಟಿಗೆ, ತುಪ್ಪ, ಬಟ್ಟೆ. ಮೇಲೆ ಹೊತ್ತಿಸುವ ದೀಪೋತ್ಸವದ ಬೆಂಕಿ ಸುತ್ತಲಿನ ಊರುಗಳಿಗೆ ಕಾಣುತ್ತೆ. ಮೈಸೂರು ಅರಮನೆಯಿಂದಲೂ ಅರಸರು ಇದೇ ದೀಪ ನೋಡಿ ಆರತಿ ಮಾಡ್ತಿದ್ದರು ಅನ್ನೋದು ಜನ ಹೇಳಿಕೊಂಡು ಬಂದ ಮಾತು. ಆ ಸಾಲಿನಲ್ಲಿ ಎಸ್ಟೇಟ್ ಸಾಹುಕಾರರ ಹಿಂದೆ ಅವರದೇ ಲೈನ್ ಮನೆಯ ಆಳು, ಆಳಿನ ಹಿಂದೆ ಸಾಲ ಕೊಟ್ಟ ಅಂಗಡಿಯವರು ಇರಬಹುದು. ಏದುಸಿರು ಬಿಡುವಾಗ ಯಾರೂ ಬಡ್ಡಿ ಕೇಳಲ್ಲ.

ಒಂದು ಮಾತು ಸ್ಪಷ್ಟ ಮಾಡ್ತೀನಿ. ಸಾಲ ಇದೆ ಅಂತ ಈ ಬೆಟ್ಟ ಹತ್ತೋದಲ್ಲ. ರೇಟು ಚೆನ್ನಾಗಿದ್ದ 1997ರಲ್ಲೂ ದೀಪಾವಳಿ ಇತ್ತು, ಬಿದ್ದ 2001ರಲ್ಲೂ ಇತ್ತು. ನನ್ನ ಪ್ರಕಾರ ಅದರ ಶಕ್ತಿ ಇರೋದೇ ಅಲ್ಲಿ. ಬೇಜಾರಾದಾಗ ವಾಕಿಂಗ್ ಹೋಗಿ ಅಂತ ಯಾರಾದರೂ ಹೇಳಿದರೆ, ಬೇಜಾರಾದವರಿಗೆ ಎದ್ದು ಚಪ್ಪಲಿ ಹಾಕೋಕೇ ಆಗಲ್ಲ. ಊರೇ ಹೊರಟಾಗ ಮನೆಯಲ್ಲಿ ಕೂರೋದು ಕಷ್ಟ. ಹೋಗಬೇಕೋ ಬೇಡವೋ ಅಂತ ತೀರ್ಮಾನ ಮಾಡುವ ಕೆಲಸವನ್ನ ತಿಥಿಯೇ ಮಾಡಿಬಿಟ್ಟಿರುತ್ತೆ. ನೀವು ಜಿಮ್ಮಿಗೆ ಕಟ್ಟಿದ ದುಡ್ಡು ಯಾಕೆ ವ್ಯರ್ಥ ಆಗುತ್ತೆ ಅನ್ನೋದಕ್ಕೂ ಇದರಲ್ಲಿ ಉತ್ತರ ಇರಬಹುದು.

ಸುಗ್ಗಿಯೂ ಹಾಗೇ. ಕುಯ್ಲು ಮುಗಿದು, ಹೂಮಳೆಗೆ ಕಾಯುವ ಹೊತ್ತಿನಲ್ಲಿ ಮೂಡಿಗೆರೆ, ಸಕಲೇಶಪುರ ಸೀಮೆಯ ಊರುಗಳಲ್ಲಿ ಸುಗ್ಗಿ ಕುಣಿತ. ಬೆಂಗಳೂರಿನಲ್ಲಿ ಕೆಲಸಕ್ಕಿರುವವರೂ ರಜೆ ಹಾಕಿ ಬರ್ತಾರೆ. ಆಗಸ್ಟ್ ಸುಮಾರಿಗೆ ಕೆಸರುಗದ್ದೆ ಓಟ. (ಗದ್ದೆಗಳೇ ಅಡಿಕೆ ತೋಟ ಆಗ್ತಿರೋದರಿಂದ ಓಡೋಕೆ ಗದ್ದೆ ಹುಡುಕಬೇಕಾದ ಕಾಲ ಬಂದಿದೆ, ಅದು ಬೇರೆ ಸಂಚಿಕೆಗೆ.)

ಇಲ್ಲಿಗೇ ನಿಲ್ಲಿಸಿದರೆ ಚೆಂದದ ಕಥೆ ಆಗುತ್ತೆ. ಆದರೆ ಪೂರ್ತಿ ನಿಜ ಆಗಲ್ಲ. ಯಾಕಂದರೆ ಈ ಘಟ್ಟದಲ್ಲಿ ನಡಿಗೆಗೆ ಇನ್ನೊಂದು ಇತಿಹಾಸ ಇದೆ, ಮತ್ತು ಅದು ಸಾಲದ್ದೇ ಇತಿಹಾಸ.

ಚಾರ್ಮಾಡಿ ಘಾಟಿ ಗೊತ್ತಲ್ಲ? ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿಂದು ಕೆಳಗಿಳಿದರೆ ಅಣ್ಣಪ್ಪ ಸ್ವಾಮಿ ಗುಡಿ, ಆಲೇಖಾನ್ ಜಲಪಾತ, ಆಮೇಲೆ ಚಾರ್ಮಾಡಿ, ಉಜಿರೆ. ಶಿವರಾತ್ರಿ ಬಂತು ಅಂದರೆ ಈ ದಾರಿಯಲ್ಲಿ ಸಾವಿರಾರು ಜನ ಧರ್ಮಸ್ಥಳಕ್ಕೆ ನಡೀತಾರೆ. ಬೆಂಗಳೂರು, ಮಂಡ್ಯ, ಹಾಸನ, ಚಿಕ್ಕಮಗಳೂರಿನವರು. ಬಣಕಲ್ ಸುತ್ತಮುತ್ತ ದಾರಿಯುದ್ದಕ್ಕೂ ಮಜ್ಜಿಗೆ, ಕಲ್ಲಂಗಡಿ, ಊಟ ಕೊಡ್ತಾರೆ. ಶಿವರಾತ್ರಿ ಬರೋದು ಕಾಫಿ ಕಣದಲ್ಲಿ ಒಣಗುತ್ತಿರುವಾಗ, ಮಾರ್ಚ್ ಕೊನೆಯ ಬ್ಯಾಂಕ್ ಲೆಕ್ಕ ಹತ್ತಿರ ಬರುವಾಗ. ಕಾಲಿನ ಬೊಬ್ಬೆಗೆ ಬಟ್ಟೆ ಕಟ್ಟಿಕೊಂಡು ಕುಂಟುತ್ತಾ ಹೋಗುವವರ ಮುಖದಲ್ಲಿ ನೋವಿರುತ್ತೆ, ಆದರೆ ಅದು ಅವರೇ ಆರಿಸಿಕೊಂಡ ನೋವು.

ಈಗ ಇದೇ ಘಟ್ಟದಲ್ಲಿ, ಆದರೆ ಎದುರು ದಿಕ್ಕಿನಲ್ಲಿ ನೋಡಿ. 19ನೇ ಶತಮಾನದ ಮಧ್ಯದಿಂದ ಕಾಫಿ ಎಸ್ಟೇಟುಗಳು ಹಬ್ಬಿದಂತೆ ಕುಯ್ಲಿಗೆ ಜನ ಬೇಕಾದರು. ಘಟ್ಟದ ಕೆಳಗಿನ ಊರುಗಳಿಗೆ ಮೇಸ್ತ್ರಿ ಹೋಗ್ತಿದ್ದ, ಮಳೆಗಾಲದ ಹಸಿವಿನ ದಿನಗಳಲ್ಲಿ ಮುಂಗಡ ಕೊಡ್ತಿದ್ದ. ಮಳೆ ಬಿಟ್ಟ ಮೇಲೆ ಆ ಮುಂಗಡ ತೀರಿಸೋಕೆ ಸಂಸಾರ ಸಮೇತ ಘಟ್ಟ ಹತ್ತಬೇಕು. ತಲೆ ಮೇಲೆ ಚಾಪೆ, ಪಾತ್ರೆ, ಸೊಂಟದಲ್ಲಿ ಮಗು. ಮೇಲೆ ಚಳಿ, ಮಲೇರಿಯಾ. ಬಾರದೇ ಹೋದರೆ, ಅಥವಾ ಮಧ್ಯದಲ್ಲಿ ಓಡಿಹೋದರೆ? ಅದಕ್ಕೂ ಕಾನೂನಿತ್ತು. ಬ್ರಿಟಿಷರ 1859ರ ಒಂದು ಕಾಯ್ದೆ, ಮುಂಗಡ ತಗೊಂಡು ಕೆಲಸ ಮಾಡದವರನ್ನ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಿ ಮೂರು ತಿಂಗಳವರೆಗೆ ಜೈಲಿಗೆ ಕಳಿಸೋಕೆ ಅವಕಾಶ ಕೊಡ್ತಿತ್ತು. ದಕ್ಷಿಣ ಭಾರತದ ತೋಟಗಳ ಮಾಲೀಕರು ಅದನ್ನ ಬಳಸಿದರು. ಅದು ರದ್ದಾಗಿದ್ದು 1920ರ ದಶಕದಲ್ಲಿ.

ಅವರ ಕಾಲೂ ನಡೀತಿತ್ತು. ದಿನವಿಡೀ ಗಿಡದಿಂದ ಗಿಡಕ್ಕೆ, ಇಳಿಜಾರಿನಲ್ಲಿ, ಬೆನ್ನು ಬಗ್ಗಿಸಿ. ಇವತ್ತಿನ ಫಿಟ್‌ನೆಸ್ ವಾಚ್ ಕಟ್ಟಿದ್ದರೆ ಹೆಜ್ಜೆಗಳ ಲೆಕ್ಕ ಮಧ್ಯಾಹ್ನಕ್ಕೇ ಮುಗಿದಿರೋದು. ಆದರೆ ಅದರಿಂದ ಮನಸ್ಸು ಹಗುರಾಯಿತು ಅಂತ ಹೇಳೋಕೆ ನನಗೆ ಬಾಯಿ ಬರಲ್ಲ. ಮೈ ಓಡಾಡಿದರೆ ಸಾಕು, ಮನಸ್ಸು ಸರಿಹೋಗುತ್ತೆ ಅನ್ನುವ ಸಲಹೆ ಇಲ್ಲೇ ಎಡವೋದು. ಯಾರ ಸಲುವಾಗಿ ನಡೀತಿದ್ದೀನಿ, ಬೇಡ ಅನ್ನಿಸಿದರೆ ಕೂರಬಹುದಾ, ಪಕ್ಕದಲ್ಲಿ ಯಾರಿದ್ದಾರೆ, ಇದರ ಮೇಲೆ ಎಲ್ಲ ನಿಂತಿದೆ.

ಇದು ಕಾನೂನು ಮಾಡಿದವರಿಗೂ ಸ್ವಲ್ಪ ಹೊಳೆದಿತ್ತು ಅನ್ನಿಸುತ್ತೆ. ಸ್ವತಂತ್ರ ಭಾರತದ 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲಿ ಮನೆ, ಆಸ್ಪತ್ರೆ, ಶಿಶುವಿಹಾರದ ಜೊತೆಗೆ ಕಾರ್ಮಿಕರಿಗೆ ಮನರಂಜನೆಯ ಸೌಲಭ್ಯ ಅನ್ನೋದನ್ನೂ ಸೇರಿಸಿದರು. ದಿನವಿಡೀ ದುಡಿದವನಿಗೂ ಆಟ ಬೇಕು ಅಂತ ಒಪ್ಪಿಕೊಂಡ ಹಾಗೆ. ಕಾಗದದಲ್ಲಿದ್ದಷ್ಟು ನೆಲದ ಮೇಲೆ ಬರಲಿಲ್ಲ, ಅದು ಎಲ್ಲರಿಗೂ ಗೊತ್ತು. ಆದರೂ ಕುಯ್ದ ಹಣ್ಣು ತೂಕ ಹಾಕಿ, ರೈಟರ್ ಚೀಟಿ ಬರೆದು, ಐದು ಗಂಟೆ ಆದ ಮೇಲೆ ಲೈನಿನ ಮುಂದೆ ಎರಡು ಕಂಬ ನೆಟ್ಟು ವಾಲಿಬಾಲ್ ಆಡುವ ಹುಡುಗರನ್ನ ನೋಡಿ. ಇಡೀ ದಿನ ಮೈ ಮುರಿದವರು ಮತ್ತೆ ಯಾಕೆ ಹಾರಿ ಹಾರಿ ಹೊಡೀತಾರೆ? ಬೆಳಗ್ಗಿನ ದಣಿವು ಕೂಲಿಗೆ ಸೇರಿದ್ದು, ಸಂಜೆಯದ್ದು ಅವರದ್ದು.

2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತು. ದಾಖಲೆ. ಮತ್ತೆ ಹೊಸ ಜೀಪು, ಹೊಸ ಸಾಲ. ಕುಯ್ಲಿಗೆ ಈಗ ಅಸ್ಸಾಂ, ಜಾರ್ಖಂಡ್ ಕಡೆಯಿಂದ ರೈಲಿನಲ್ಲಿ ಬರ್ತಾರೆ. ಅವರಲ್ಲೂ ಎಷ್ಟೋ ಜನರ ಬೆನ್ನಿಗೆ ಊರಿನ ಸಾಲ ಇದೆ. ರೇಟು ಯಾವತ್ತು ಇಳಿಯುತ್ತೆ ಗೊತ್ತಿಲ್ಲ, ಇಳಿಯುತ್ತೆ ಅನ್ನೋದು ಮಾತ್ರ ಇತಿಹಾಸ ನೋಡಿದವರಿಗೆ ಗೊತ್ತು.

ಕೇಳುವವರಲ್ಲಿ ಈಗಾಗಲೇ ಇಎಂಐ ತಪ್ಪಿದವರು, ಲೋನ್ ಆ್ಯಪ್‌ನವರ ಫೋನಿಗೆ ಹೆದರಿ ಮೊಬೈಲ್ ಸೈಲೆಂಟ್ ಮಾಡಿಟ್ಟವರು ಇರಬಹುದು. ನಡಿಗೆ ಒಂದು ರೂಪಾಯಿ ಸಾಲವನ್ನೂ ತೀರಿಸಲ್ಲ. 2002ರಲ್ಲಿ ತೀರಿಸಿದ್ದೂ ನಡಿಗೆಯಲ್ಲ. ಬೆಳೆಗಾರರು ಒಟ್ಟಾಗಿ ಹೋಗಿ ಕೇಳಿದ್ದಕ್ಕೆ ಮರುಹೊಂದಾಣಿಕೆ ಆಯಿತು. ಆದರೆ ಕೇಳೋಕೆ ಹೋಗಬೇಕಾದರೆ ಮೊದಲು ಜಗುಲಿಯಿಂದ ಏಳಬೇಕಲ್ಲ. ಒಬ್ಬರೇ ಹೊರಡೋಕೆ ಆಗದಿದ್ದರೆ ಒಬ್ಬ ಗೆಳೆಯನಿಗೆ ಹೇಳಿ, ನಾಳೆ ಬೆಳಗ್ಗೆ ಬಂದು ಬಾಗಿಲು ತಟ್ಟು ಅಂತ. ರಾತ್ರಿ ನಿದ್ದೆ ಪೂರ್ತಿ ಹೋಗಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ, ನಡಿಗೆಗೆ ಕಾಯಬೇಡಿ: ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೂ ಮಾತಾಡ್ತಾರೆ, ದುಡ್ಡಿಲ್ಲ.

ಮುಂದಿನ ಶಿವರಾತ್ರಿಗೆ ಚಾರ್ಮಾಡಿ ಇಳಿಯುವ ಯೋಚನೆ ಇದ್ದವರು ಹೊಸ ಶೂ ಹಾಕ್ಕೊಂಡು ಹೋಗಬೇಡಿ, ಹಳೇದೇ ಇರಲಿ. ಕತ್ತಲಲ್ಲಿ ತಿರುವುಗಳಲ್ಲಿ ಲಾರಿ ಬರುತ್ತೆ, ಟಾರ್ಚ್ ಇಟ್ಕೊಳ್ಳಿ. ಮತ್ತೆ ಇಯರ್‌ಫೋನ್ ಒಂದು ಕಿವಿಗೆ ಮಾತ್ರ.