ರಾಮನಗರದ ಮಣಿಸರ

ಮುಟ್ಟಿಗೆ ನಮ್ಮಲ್ಲಿ ಎಷ್ಟೊಂದು ಹೆಸರುಗಳಿವೆ! ಹೊರಗಾಗುವುದು, ದೂರ ಕೂರುವುದು, ಕಾಗೆ ಮುಟ್ಟಿತೆನ್ನುವುದು. ಬಾಯಿಬಿಟ್ಟು ಹೇಳಲು ನಾಚಿದ ನಮ್ಮ ಅಜ್ಜಿಯರು ಅದಕ್ಕೊಂದು ಗುಟ್ಟಿನ ಭಾಷೆಯನ್ನೇ ಕಟ್ಟಿಕೊಂಡಿದ್ದರು. ಆದರೆ ಎರಡು ಮುಟ್ಟುಗಳ ನಡುವೆ ಕೆಲವು ದಿನ ಮೈಯಿಂದ ಇಳಿಯುವ ತಿಳಿಯಾದ ಲೋಳೆಗೆ ನಾನು ಕೇಳಿದ ಹೆಸರೆಲ್ಲ ಕಾಯಿಲೆಯ ಹೆಸರೇ. ಬಿಳಿ ಸೆರಗು ಎನ್ನುತ್ತಾರೆ, ಬಿಳಿ ಹೋಗುತ್ತಿದೆ ಎನ್ನುತ್ತಾರೆ. ಅದರ ಬೆನ್ನಿಗೇ ‘ಮೈ ಉಷ್ಣವಾಗಿದೆ’, ‘ಮೂಳೆ ಕರಗಿ ಹೋಗುತ್ತಿದೆ’ ಎಂಬ ಮಾತು ಬರುತ್ತದೆ. ಎಳನೀರು, ಮೆಂತ್ಯದ ನೀರು, ಯಾರೋ ಹೇಳಿದ ಮಾತ್ರೆ ಎಂದು ಮದ್ದು ಶುರುವಾಗುತ್ತದೆ.

ಕಾಯಿಲೆಯಿಂದ ಬರುವ ಬಿಳಿ ಸೆರಗು ಇಲ್ಲವೆಂದು ನಾನು ಹೇಳುವುದಿಲ್ಲ. ಕೆಟ್ಟ ವಾಸನೆ, ತುರಿಕೆ, ಉರಿ, ಹಳದಿ ಅಥವಾ ಹಸಿರು ಬಣ್ಣ, ಒಡೆದ ಹಾಲಿನಂಥ ಗಂಟುಗಳು ಇದ್ದರೆ ವೈದ್ಯರಿಗೆ ತೋರಿಸಲೇಬೇಕು. ನಾನು ಹೇಳಹೊರಟಿರುವುದು ವಾಸನೆಯಿಲ್ಲದ, ತುರಿಕೆಯಿಲ್ಲದ, ದಾಸವಾಳದ ಎಲೆ ಕಿವುಚಿದಾಗ ಬರುವ ಗೊಂಪಿನಂತೆ ಜಾರುವ, ಹಸಿ ಮೊಟ್ಟೆಯ ಬಿಳಿಯಂತೆ ಎರಡು ಬೆರಳ ನಡುವೆ ಎಳೆಯಾಗಿ ಹಿಗ್ಗುವ ಲೋಳೆಯ ವಿಷಯ. ಮಗು ಬೇಕೆನ್ನುವವಳಿಗೂ, ಸದ್ಯಕ್ಕೆ ಬೇಡವೆನ್ನುವವಳಿಗೂ ಅದು ದೊಡ್ಡ ಸುದ್ದಿಯನ್ನೇ ತರುತ್ತದೆ. ತಿಂಗಳು ತಿಂಗಳೂ ಹೆಂಗಸಿನ ಕೈಗೇ ಬಂದು ತಲುಪುತ್ತಿದ್ದ ಈ ಸುದ್ದಿಯನ್ನು ಲೋಕ ಸರಿಯಾಗಿ ಓದಲು ಕಲಿತದ್ದು ಮಾತ್ರ ತೀರ ಈಚೆಗೆ. ಶಾಲೆಯಲ್ಲಿ ಚರಿತ್ರೆ ಪಾಠ ಮಾಡುವವಳಾದ ನನಗೆ ಈ ಕಥೆ ಯಾವ ರಾಜರ ಕಥೆಗಿಂತಲೂ ಕಡಿಮೆಯದೆಂದು ಅನ್ನಿಸಿಲ್ಲ. ಅದರಲ್ಲಿ ನಮ್ಮ ರಾಮನಗರವೂ ಬೆಂಗಳೂರೂ ಬರುತ್ತವೆ.

ಮೊದಲು ಮೈಯ ಕೆಲಸವನ್ನು ತಿಳಿದುಕೊಳ್ಳೋಣ. ಗರ್ಭಕೋಶದ ಬಾಗಿಲಿನಂತಿರುವ ಭಾಗಕ್ಕೆ ಗರ್ಭಕೊರಳು ಎನ್ನುತ್ತಾರೆ. ಲೋಳೆ ಹುಟ್ಟುವುದು ಅಲ್ಲಿ. ಮುಟ್ಟು ನಿಂತ ಮೇಲೆ ಬಹಳ ಹೆಂಗಸರಿಗೆ ಕೆಲವು ದಿನ ಒಣಗಿದಂತಿರುತ್ತದೆ. ಆಗ ಗರ್ಭಕೊರಳಿನಲ್ಲಿ ಗಟ್ಟಿ ಲೋಳೆ ಬಿರಡೆಯಂತೆ ಕೂತಿರುತ್ತದೆ. ಅಂಡಾಶಯದಲ್ಲಿ ಅಂಡ ಬೆಳೆಯುತ್ತ ಬಂದಂತೆ ಈಸ್ಟ್ರೋಜೆನ್ ಎಂಬ ಹಾರ್ಮೋನು ಏರುತ್ತದೆ. ಲೋಳೆ ಮೊದಲು ಅಂಟಂಟಾಗಿ, ಮಸುಕಾಗಿ ಕಾಣಿಸಿಕೊಂಡು, ಆಮೇಲೆ ತೆಳುವಾಗಿ, ತಿಳಿಯಾಗಿ, ಜಾರುವಂತಾಗುತ್ತದೆ. ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನು ಅದನ್ನು ಮತ್ತೆ ಗಟ್ಟಿ ಮಾಡಿ ಬಾಗಿಲು ಮುಚ್ಚುತ್ತದೆ. ಯೋನಿಯೊಳಗಿನ ಆಮ್ಲೀಯ ವಾತಾವರಣದಲ್ಲಿ ವೀರ್ಯಾಣುಗಳು ಬೇಗ ಸಾಯುತ್ತವೆ. ಈ ಜಾರುವ ಲೋಳೆ ಸಿಕ್ಕಿತೆಂದರೆ ಅದೇ ಅವುಗಳಿಗೆ ಆಸರೆ, ಅದೇ ದಾರಿ. ಐದು ದಿನದವರೆಗೂ ಅವು ಬದುಕಿರಬಲ್ಲವು. ಅಂಡಕ್ಕೋ ಒಂದು ದಿನದ ಆಯುಷ್ಯವೂ ಕಷ್ಟ. ಆದ್ದರಿಂದ ಲೋಳೆ ಜಾರುವ ದಿನಗಳೇ ಗರ್ಭ ನಿಲ್ಲುವ ದಿನಗಳು.

ಹಳೆಯ ಕಾಲದವರು ಇದನ್ನು ದಿನ ಎಣಿಸಿ ಹಿಡಿಯಲು ನೋಡಿದರು. ಮನುಸ್ಮೃತಿ ಹದಿನಾರು ರಾತ್ರಿಗಳನ್ನು ಋತುಕಾಲವೆಂದು ಕರೆದು, ಮೊದಲ ನಾಲ್ಕನ್ನೂ ಹನ್ನೊಂದು, ಹದಿಮೂರನೆಯವನ್ನೂ ಬಿಡಬೇಕೆಂದಿತು. ಸಮ ರಾತ್ರಿಗಳಲ್ಲಿ ಗಂಡು, ಬೆಸ ರಾತ್ರಿಗಳಲ್ಲಿ ಹೆಣ್ಣು ಎಂದು ಲೆಕ್ಕ ಹಾಕಿಟ್ಟಿತು. ಗಂಡು ಹೆಣ್ಣಿನ ಆ ಲೆಕ್ಕಕ್ಕೆ ಆಧಾರವೇನೂ ಇಲ್ಲ. ಆದರೆ ಹದಿನಾರು ದಿನಗಳಷ್ಟು ಬಾಗಿಲು ಅಗಲವಾಗಿ ತೆರೆದಿಟ್ಟಿದ್ದರಿಂದ ತಿಂಗಳಿಗೆ ಸರಿಯಾಗಿ ಮುಟ್ಟಾಗುವವರಿಗೆ ಫಲದ ದಿನಗಳು ಅದರೊಳಗೆ ಬಂದುಬಿಡುತ್ತಿದ್ದವು. ಹತ್ತೊಂಬತ್ತನೇ ಶತಮಾನದ ಯುರೋಪಿನ ಪಂಡಿತರು ಇದಕ್ಕಿಂತ ಹೆಚ್ಚು ಎಡವಿದರು. ನಾಯಿಗೆ ಬೆದೆಯ ಕಾಲದಲ್ಲಿ ರಕ್ತ ಕಾಣುತ್ತದೆ, ಹೆಂಗಸಿನ ಮುಟ್ಟೂ ಅಂಥದೇ ಎಂದು ಅವರಲ್ಲಿ ಹಲವರು ನಂಬಿದರು. ಮುಟ್ಟಿನ ಆಸುಪಾಸಿನಲ್ಲಿ ಗರ್ಭ ನಿಲ್ಲುತ್ತದೆ, ತಿಂಗಳ ನಡುವೆ ಭಯವಿಲ್ಲ ಎಂದು ಸಲಹೆ ಕೊಟ್ಟರು. ಆ ಮಾತು ನಂಬಿ ಬಸುರಾದವರೆಷ್ಟೋ, ಅದೇ ಮಾತು ನಂಬಿ ಬಂಜೆ ಎನ್ನಿಸಿಕೊಂಡವರೆಷ್ಟೋ.

ಲೋಳೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದವರಲ್ಲಿ ಮೊದಲಿಗರಾಗಿ ಅಮೆರಿಕದ ಜೆ. ಮೇರಿಯನ್ ಸಿಮ್ಸ್ ಹೆಸರು ಬರುತ್ತದೆ. 1860ರ ದಶಕದಲ್ಲಿ, ಮಕ್ಕಳಾಗದ ದಂಪತಿಗಳನ್ನು ಪರೀಕ್ಷಿಸುತ್ತ, ವೀರ್ಯಾಣು ಬದುಕುವುದಕ್ಕೂ ಈ ಲೋಳೆಯ ಗುಣಕ್ಕೂ ಸಂಬಂಧವಿದೆ ಎಂದು ಆತ ಕಂಡುಕೊಂಡ. ಆದರೆ ಆತನಿಗೆ ಕೀರ್ತಿ ಬಂದದ್ದು ಅದಕ್ಕೂ ಮೊದಲು, 1840ರ ದಶಕದಲ್ಲಿ, ಗುಲಾಮ ಹೆಂಗಸರ ಮೇಲೆ ಅರಿವಳಿಕೆಯಿಲ್ಲದೆ ಮತ್ತೆ ಮತ್ತೆ ಮಾಡಿದ ಶಸ್ತ್ರಚಿಕಿತ್ಸೆಗಳಿಂದ. ಅನಾರ್ಕಾ, ಬೆಟ್ಸಿ, ಲೂಸಿ ಎಂಬ ಮೂರು ಹೆಸರುಗಳು ಉಳಿದುಬಂದಿವೆ. ‘ನಿನಗೆ ಒಪ್ಪಿಗೆಯೇ’ ಎಂದು ಅವರನ್ನು ಕೇಳಬೇಕಾದ ಅಗತ್ಯ ಆ ಕಾಲದ ಕಾನೂನಿಗಿರಲಿಲ್ಲ. ಹೆಂಗಸಿನ ಮೈಯ ಚರಿತ್ರೆಯಲ್ಲಿ ಇಂಥ ಪುಟಗಳನ್ನೂ ಓದಬೇಕಾಗುತ್ತದೆ.

ಸರಿಯಾದ ಲೆಕ್ಕ ಸಿಕ್ಕಿದ್ದು ಜಪಾನಿನ ನಿಗಾಟ ಎಂಬ ಊರಿನಲ್ಲಿ. ಅಲ್ಲಿನ ವೈದ್ಯ ಕ್ಯುಸಾಕು ಒಗಿನೊ, ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಅಂಡಾಶಯವನ್ನು ಕಣ್ಣಾರೆ ನೋಡಿ, ಆ ಹೆಂಗಸರ ಮುಟ್ಟಿನ ದಿನಗಳೊಂದಿಗೆ ಹೋಲಿಸಿ, 1924ರಲ್ಲಿ ತನ್ನ ತೀರ್ಮಾನ ಪ್ರಕಟಿಸಿದ. ಅಂಡ ಹೊರಬೀಳುವುದು ಮುಂದಿನ ಮುಟ್ಟಿಗೆ 12ರಿಂದ 16 ದಿನ ಮೊದಲು ಎಂಬುದೇ ಅದು. ಆಸ್ಟ್ರಿಯಾದ ಹರ್ಮನ್ ಕ್ನೌಸ್ ಕೂಡ ಆ ದಶಕದ ಕೊನೆಗೆ ಹತ್ತಿರ ಹತ್ತಿರ ಅದೇ ಮಾತಿಗೆ ಬಂದ. ಇಲ್ಲಿ ಒಂದು ತೊಡಕನ್ನು ಗಮನಿಸಿ. ಒಗಿನೊ ಎಣಿಸಿದ್ದು ಮುಂದಿನ ಮುಟ್ಟಿನಿಂದ ಹಿಂದಕ್ಕೆ. ಮುಂದಿನ ಮುಟ್ಟು ಯಾವ ದಿನ ಬರುತ್ತದೆಂದು ಮೊದಲೇ ಬಲ್ಲವರು ಯಾರು?

ಈ ತೊಡಕೇ ನಮ್ಮ ರಾಮನಗರಕ್ಕೂ ಬಂತು. ಸ್ವತಂತ್ರ ಭಾರತದ ಮೊದಲ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯ ಶಿಷ್ಯೆ. ಕೃತಕ ಉಪಾಯಗಳು ಅವರಿಗೆ ಒಪ್ಪಿಗೆಯಿರಲಿಲ್ಲ, ಸಂಯಮದ ದಾರಿ ಒಪ್ಪಿಗೆಯಿತ್ತು. ಅವರ ಕೋರಿಕೆಯ ಮೇರೆಗೆ ವಿಶ್ವ ಆರೋಗ್ಯ ಸಂಸ್ಥೆ ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್ ಅವರನ್ನು 1951ರ ಕೊನೆಗೆ ಇಲ್ಲಿಗೆ ಕಳಿಸಿತು. ದಿನ ಎಣಿಸುವ ಕ್ರಮವನ್ನು ಪ್ರಯೋಗಿಸಿ ನೋಡಲು ಎರಡು ಜಾಗಗಳನ್ನು ಆರಿಸಿದರು. ಒಂದು ದೆಹಲಿಯ ಲೋಧಿ ಕಾಲೊನಿ, ಸರ್ಕಾರಿ ನೌಕರರ ಬಡಾವಣೆ. ಇನ್ನೊಂದು ಮೈಸೂರು ರಾಜ್ಯದ ರಾಮನಗರ. ಇಂದು ರೇಷ್ಮೆಗೂಡಿನ ಮಾರುಕಟ್ಟೆಯಿಂದಲೂ ‘ಷೋಲೆ’ ಚಿತ್ರದ ಬಂಡೆಗಳಿಂದಲೂ ನಾವೆಲ್ಲ ಬಲ್ಲ ಊರು.

ಓದು ಬಾರದ ಹೆಂಗಸರು ದಿನ ಎಣಿಸುವುದು ಹೇಗೆ? ಅದಕ್ಕೆ ಸ್ಟೋನ್ ಒಂದು ಮಣಿಸರ ಮಾಡಿಸಿದರು. ದಿನಕ್ಕೊಂದು ಮಣಿ. ಹಸಿರು ಮಣಿ ಬಂದರೆ ಭಯವಿಲ್ಲ, ಕೆಂಪು ಬಂದರೆ ಗರ್ಭ ನಿಲ್ಲುವ ದಿನ. ಬೆಳಿಗ್ಗೆ ಎದ್ದು ಒಂದು ಮಣಿ ಸರಿಸಿದರಾಯಿತು. ಕಾಗದದ ಮೇಲೆ ಎಷ್ಟು ಸುಲಭ! ಆ ಸರದ ಬಗ್ಗೆ ಆಮೇಲೆ ಹಬ್ಬಿದ ಕಥೆಗಳನ್ನು ಕೇಳಿದರೆ ನಗುವೂ ಬರುತ್ತದೆ, ಸಂಕಟವೂ ಆಗುತ್ತದೆ. ಕತ್ತಲಲ್ಲಿ ಹಸಿರು ಯಾವುದು, ಕೆಂಪು ಯಾವುದು ತಿಳಿಯಲಿಲ್ಲವಂತೆ. ಮಣಿ ಸರಿಸಲು ಮರೆತವರುಂಟು, ಹಿಂದುಮುಂದಾಗಿ ಸರಿಸಿದವರುಂಟು. ಕೊರಳಿಗೆ ಹಾಕಿಕೊಂಡರೆ ಊರಿಗೆಲ್ಲ ಒಳಗಿನ ಗುಟ್ಟು ಗೊತ್ತಾಗುತ್ತದೆಂದು ನಾಚಿ ಬಚ್ಚಿಟ್ಟವರುಂಟು. ಕಲಿಯಲು ಆಸೆಪಟ್ಟವರು ಬಹಳ ಜನ, ಕೊನೆಯವರೆಗೆ ಪಾಲಿಸಿದವರು ಕೆಲವರೇ. ಹಳ್ಳಿಯ ಹೆಂಗಸರಿಗೆ ತಿಳಿವಳಿಕೆಯಿಲ್ಲ ಎಂದು ಆ ಕಥೆಗಳನ್ನು ಹೇಳಿ ನಕ್ಕವರಿದ್ದಾರೆ.

ನನಗೆ ಹಾಗನ್ನಿಸುವುದಿಲ್ಲ. ನಸುಕಿಗೆದ್ದು ಕಸ ಮುಸುರೆ, ದನ ಕರು, ಹುಳುಮನೆಯ ಸೊಪ್ಪು ಎಂದು ದುಡಿಯುವವಳು, ಯಾವ ಮಳೆಗೆ ಏನು ಬಿತ್ತಬೇಕು, ಯಾವ ಹಸು ಯಾವಾಗ ಬೆದೆಗೆ ಬರುತ್ತದೆ ಎಂಬುದನ್ನು ಚೆನ್ನಾಗಿ ಬಲ್ಲಳು. ಹಸು ಬೆದೆಗೆ ಬಂದಾಗ ಲೋಳೆ ಇಳಿಯುವುದನ್ನು ನೋಡಿಯೇ ಹೋರಿಗೆ ಹಿಡಿಯುವ ಸಮಯ ತಿಳಿಯುತ್ತಿದ್ದಳು. ಅಂಥವಳನ್ನು ಯಾರೂ ‘ಅಮ್ಮಾ, ನಿನ್ನ ಮೈಯಲ್ಲಿ ಏನಾದರೂ ಬದಲಾವಣೆ ಕಾಣುತ್ತದೆಯೇ?’ ಎಂದು ಕೇಳಲಿಲ್ಲ. ಬರುವಾಗಲೇ ಉತ್ತರವನ್ನು ಸರದಲ್ಲಿ ಪೋಣಿಸಿಕೊಂಡು ಬಂದಿದ್ದರು.

ಆ ಪ್ರಶ್ನೆ ಕೇಳಿದವರು ಆಸ್ಟ್ರೇಲಿಯಾದ ಮೆಲ್ಬರ್ನಿನ ಜಾನ್ ಬಿಲ್ಲಿಂಗ್ಸ್. ಅವರು ನರರೋಗ ತಜ್ಞರು. ಮಾತ್ರೆ, ಸಾಧನಗಳನ್ನು ಒಪ್ಪದ ಕ್ಯಾಥೊಲಿಕ್ ದಂಪತಿಗಳಿಗೆ ನೆರವಾಗಲು 1953ರಲ್ಲಿ ಚರ್ಚಿನವರು ಅವರನ್ನು ಕರೆದರು. ದಿನದ ಎಣಿಕೆ ಕೈಕೊಡುತ್ತಿದ್ದುದನ್ನು ಕಂಡ ಅವರು, ಲೋಳೆಯ ಬಗ್ಗೆ ಹಳೆಯ ವೈದ್ಯಗ್ರಂಥಗಳಲ್ಲಿ ಚದುರಿಹೋಗಿದ್ದ ಮಾತುಗಳನ್ನು ಓದಿ, ಹೆಂಗಸರನ್ನೇ ವಿಚಾರಿಸತೊಡಗಿದರು. ಉತ್ತರ ಹೆಂಗಸರಲ್ಲಿ ಸಿದ್ಧವಾಗಿತ್ತು. ಒಣಗಿದ ದಿನ, ಅಂಟಿನ ದಿನ, ಜಾರುವ ದಿನ ಎಂದು ಅವರು ಹೇಳುತ್ತ ಹೋದರು. ಮುಂದೆ ಅವರ ಪತ್ನಿ, ಮಕ್ಕಳ ವೈದ್ಯೆ ಎವೆಲಿನ್ ಬಿಲ್ಲಿಂಗ್ಸ್, ಈ ಕೆಲಸಕ್ಕೆ ಸೇರಿದರು. ಹಾರ್ಮೋನು ಅಳೆಯುವುದರಲ್ಲಿ ನಿಪುಣರಾದ ಜೇಮ್ಸ್ ಬ್ರೌನ್ ಹಾಗೂ ಹೆನ್ರಿ ಬರ್ಗರ್ ಜೊತೆಗೂಡಿ, 1972ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದರು. ಹೆಂಗಸರು ಬರೆದಿಟ್ಟ ಲಕ್ಷಣಗಳೂ ಪ್ರಯೋಗಾಲಯದ ಅಳತೆಯೂ ಒಂದಕ್ಕೊಂದು ತಾಳೆಯಾದವು. ಜಾರುವ ಲಕ್ಷಣ ಕಂಡ ಕೊನೆಯ ದಿನದ ಆಸುಪಾಸಿನಲ್ಲೇ ಅಂಡ ಬಿಡುಗಡೆಯಾಗುತ್ತಿತ್ತು.

ಇದು ಓದಿದ ಹೆಂಗಸರಿಗೆ ಮಾತ್ರ ಸಾಧ್ಯವೇ? ಅದನ್ನು ತಿಳಿಯಲು 1970ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಐದು ಊರುಗಳಲ್ಲಿ ಅಧ್ಯಯನ ನಡೆಸಿತು. ಆಕ್ಲೆಂಡ್, ಡಬ್ಲಿನ್, ಮನಿಲಾ, ಎಲ್ ಸಾಲ್ವಡಾರಿನ ಸ್ಯಾನ್ ಮಿಗೆಲ್, ಮತ್ತು ನಮ್ಮ ಬೆಂಗಳೂರು. ಒಟ್ಟು 869 ಹೆಂಗಸರು ಸೇರಿದ್ದರು. ಸ್ಯಾನ್ ಮಿಗೆಲ್‌ನವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಓದು ಬರಹ ಬರುತ್ತಿರಲಿಲ್ಲ. 1981ರಲ್ಲಿ ಪ್ರಕಟವಾದ ಫಲಿತಾಂಶ ನೋಡಿ: ನೂರಕ್ಕೆ 93 ಮಂದಿ ಹೇಳಿಕೊಟ್ಟ ಮೊದಲ ತಿಂಗಳಲ್ಲೇ ತಮ್ಮ ಲೋಳೆಯ ಬದಲಾವಣೆಯನ್ನು ಗುರುತಿಸಿದ್ದರು. ರಾಮನಗರದಲ್ಲಿ ಮಣಿ ಸರಿಸಲಾರದೆ ಹೋದರೆಂದು ನಗೆಗೀಡಾದವರ ಪರವಾಗಿ, ಮೂವತ್ತು ವರ್ಷದ ಮೇಲೆ ಬಂದ ಸಾಕ್ಷಿ ಇದು ಎಂದು ನಾನು ತಿಳಿಯುತ್ತೇನೆ.

ಅದೇ ಅಧ್ಯಯನದ ಇನ್ನೊಂದು ಮುಖವನ್ನೂ ಹೇಳಬೇಕು. ಮಗು ಬೇಡವೆಂದು ಈ ಕ್ರಮ ಹಿಡಿದವರಲ್ಲಿ, ನಿಯಮ ತಪ್ಪದೆ ನಡೆದಾಗ ವರ್ಷಕ್ಕೆ ನೂರರಲ್ಲಿ ಮೂವರಷ್ಟೇ ಬಸುರಾಗುವ ಲೆಕ್ಕ ಬಂದರೂ, ಒಟ್ಟಾರೆ ನೋಡಿದಾಗ ಅದು ಇಪ್ಪತ್ತರ ಹತ್ತಿರವಿತ್ತು. ಹೆಂಗಸರು ಗುರುತಿಸುವುದರಲ್ಲಿ ಸೋತದ್ದಕ್ಕಿಂತ, ಫಲದ ದಿನವೆಂದು ತಿಳಿದೂ ದೂರವಿರದೆ ಹೋದದ್ದೇ ಹೆಚ್ಚಿನ ಕಾರಣ. ‘ಇವತ್ತು ಬೇಡ’ ಎಂದರೆ ಕೇಳುವ ಗಂಡ ಎಲ್ಲರಿಗೂ ಇರುತ್ತಾನೆಯೇ? ಆದ್ದರಿಂದ ಬಸುರಿ ಆಗಲೇಬಾರದೆನ್ನುವವರು ಇದೊಂದನ್ನೇ ನೆಚ್ಚದೆ ವೈದ್ಯರನ್ನು ಕೇಳುವುದು ಲೇಸು.

ಮಗು ಬೇಕೆನ್ನುವವರ ಮಾತು ಬೇರೆ. ನನ್ನ ಸಹೋದ್ಯೋಗಿಯೊಬ್ಬಳಿದ್ದಳು. ಮದುವೆಯಾಗಿ ಮೂರು ವರ್ಷ. ಹಬ್ಬಕ್ಕೆ ಹೋದರೂ ‘ವಿಶೇಷ ಏನಾದರೂ ಉಂಟೇ?’, ಸೀಮಂತಕ್ಕೆ ಹೋದರೂ ಅದೇ. ಯಾವುದೋ ಪುಸ್ತಕದಲ್ಲಿ ಹದಿನಾಲ್ಕನೆಯ ದಿನ ಎಂದು ಓದಿ ಅದನ್ನೇ ಹಿಡಿದು ಕೂತಿದ್ದಳು. ಅವಳಿಗೆ ಮುಟ್ಟಾಗುತ್ತಿದ್ದುದು ಮೂವತ್ತಾರು ದಿನಕ್ಕೊಮ್ಮೆ. ಒಗಿನೊ ಲೆಕ್ಕದಂತೆ ಅಂಡ ಬಿಡುಗಡೆ ಇಪ್ಪತ್ತೆರಡನೆಯ ದಿನದ ಹೊತ್ತಿಗೆ. ಆ ದಿನಗಳಲ್ಲಿ ಏನಾದರೂ ಕಾಣುತ್ತದೆಯೇ ಎಂದು ಕೇಳಿದೆ. ‘ಅಯ್ಯೋ ಮೇಡಂ, ಆಗಲೇ ನನಗೆ ಬಿಳಿ ಹೋಗೋದು. ಅದಕ್ಕೇ ಔಷಧಿ ತಗೋತಿದ್ದೀನಿ’ ಎಂದಳು. ಕರೆಯಲು ಬಂದವರನ್ನು ಕಳ್ಳರೆಂದು ಓಡಿಸಿದ ಹಾಗಾಗಿತ್ತು ಅವಳ ಸ್ಥಿತಿ. ಅಷ್ಟರಿಂದಲೇ ಅವಳ ಮಡಿಲು ತುಂಬಿತೆಂದು ಬರೆದರೆ ಸುಳ್ಳಾಗುತ್ತದೆ. ಒಂದು ವರ್ಷ ಕಾದು, ಕೊನೆಗೆ ಗಂಡನೂ ಪರೀಕ್ಷೆಗೆ ಒಪ್ಪಿದ ಮೇಲೆ, ಅವನಿಗೇ ಚಿಕಿತ್ಸೆ ಬೇಕಿತ್ತೆಂದು ತಿಳಿಯಿತು. ಆ ಮೂರು ವರ್ಷದ ಚುಚ್ಚುಮಾತುಗಳನ್ನು ಮಾತ್ರ ಯಾರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

‘ಹದಿನಾಲ್ಕನೆಯ ದಿನ’ ಎಂಬ ನಂಬಿಕೆಯನ್ನು ಈಚಿನ ಅಧ್ಯಯನಗಳೂ ಅಲುಗಾಡಿಸಿವೆ. ಅಮೆರಿಕದಲ್ಲಿ ಮಗು ಬಯಸಿದ 221 ಹೆಂಗಸರನ್ನು ಅಭ್ಯಸಿಸಿ 1995ರಲ್ಲಿ ಪ್ರಕಟವಾದ ಲೇಖನದ ಪ್ರಕಾರ, ಗರ್ಭ ನಿಲ್ಲುವುದು ಅಂಡ ಬಿಡುಗಡೆಯಾಗುವ ದಿನ ಮತ್ತು ಅದರ ಹಿಂದಿನ ಐದು ದಿನ, ಒಟ್ಟು ಆರೇ ದಿನ. ಆ ಆರು ದಿನ ಪೂರ್ತಿಯಾಗಿ ಹತ್ತರಿಂದ ಹದಿನೇಳನೆಯ ದಿನದೊಳಗೆ ಬರುವುದು ನೂರರಲ್ಲಿ ಮೂವತ್ತು ಹೆಂಗಸರಿಗೆ ಮಾತ್ರ ಎಂದು ಅದೇ ತಂಡ 2000ದಲ್ಲಿ ತೋರಿಸಿತು. ಉಳಿದ ಎಪ್ಪತ್ತು ಮಂದಿಗೆ ಕ್ಯಾಲೆಂಡರು ಪೂರಾ ನಿಜ ಹೇಳುವುದಿಲ್ಲ.

ಮಗು ಬಯಸುವವರು ಒದ್ದೆಯೆನ್ನಿಸಿ ಲೋಳೆ ಜಾರುವ ದಿನಗಳಲ್ಲಿ ದಿನವೋ ದಿನ ಬಿಟ್ಟು ದಿನವೋ ಕೂಡಿದರೆ ಸಾಕು. ಒಂದು ವರ್ಷವಾದರೂ ಗರ್ಭ ನಿಲ್ಲದಿದ್ದರೆ, ಮೂವತ್ತೈದು ದಾಟಿದವರಾದರೆ ಆರೇ ತಿಂಗಳಿಗೆ, ಗಂಡ ಹೆಂಡತಿ ಇಬ್ಬರೂ ವೈದ್ಯರ ಬಳಿಗೆ ಹೋಗಬೇಕು. ಇಬ್ಬರೂ ಎಂಬ ಮಾತನ್ನು ಒತ್ತಿ ಹೇಳುತ್ತೇನೆ.

ನಮ್ಮ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕವಿರುತ್ತದೆ, ಗ್ಯಾಸ್ ಬಂದ ದಿನವಿರುತ್ತದೆ, ಸಂಕಷ್ಟಿ, ಏಕಾದಶಿಗಳಿರುತ್ತವೆ. ಅವುಗಳ ಪಕ್ಕದಲ್ಲಿ ತನ್ನ ಮೈಯ ಒಣ ದಿನಕ್ಕೊಂದು ಗೆರೆ, ಜಾರುವ ದಿನಕ್ಕೊಂದು ಚುಕ್ಕಿ ಹಾಕಿಕೊಳ್ಳಲು ಹೆಣ್ಣಿಗೆ ಯಾರ ಅಪ್ಪಣೆಯೂ ಬೇಡ. ಮದುವೆಗೆ ನಿಂತ ಮಗಳಿಗೆ ಸೀರೆ, ಒಡವೆಯ ಜೊತೆಗೆ ತಾಯಿ ಈ ಒಂದು ಮಾತನ್ನೂ ಹೇಳಿ ಕಳಿಸಲಿ. ಹೇಳುವಾಗ ಕಾಯಿಲೆಯ ಹೆಸರು ಬಿಟ್ಟು, ಅದಕ್ಕೊಂದು ಒಳ್ಳೆಯ ಹೆಸರನ್ನೂ ಹುಡುಕಿ ಇಡಲಿ.